ಮಾಹಿಮ್ ಇಗರ್ಜಿಯ ಮುತ್ತಿಗೆ

ಕ್ರೈಸ್ತಸಭೆಯ ಪರಿಭಾಷೆಯಲ್ಲಿ ತಪ್ಪು ಬೋಧನೆ ಮತ್ತು ಒಡಕು ಬೇರೆ ಬೇರೆ ಅಪರಾಧಗಳು: ವಿಶ್ವಾಸದ ತತ್ತ್ವವನ್ನೇ ಅಲ್ಲಗಳೆಯುವುದು ಪಾಷಂಡವಾದ, ತತ್ತ್ವವನ್ನೆಲ್ಲ ಒಪ್ಪಿಯೂ ಅಧಿಕೃತ ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪರಿಗೆ, ವಿಧೇಯರಾಗದಿರುವುದು ಭೇದ. ಮುಂಬಯಿಯ ಕ್ಯಾಥೊಲಿಕರನ್ನು ಎರಡು ಶತಮಾನ ಕಾಡಿದ್ದು ಎರಡನೆಯದು. ಎರಡೂ ಕಡೆಯವರು ಒಂದೇ ಲ್ಯಾಟಿನ್ ಬಲಿಪೂಜೆಗೆ ಮೊಣಕಾಲೂರುತ್ತಿದ್ದರು. ನಿಷ್ಠೆ ಯಾವುದಕ್ಕೆ ಎಂಬುದರಲ್ಲಿ ತಕರಾರಿರಲಿಲ್ಲ, ಯಾರ ಮೂಲಕ ಎಂಬುದರಲ್ಲಿತ್ತು.

ಪೂರ್ವದೇಶಗಳಲ್ಲಿ ಇಗರ್ಜಿಗಳನ್ನು ಪೋಷಿಸುವ ಹೊಣೆಯನ್ನೂ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನೂ ಪೋಪರು ಪೋರ್ಚುಗಲ್ ದೊರೆಗೆ ಒಪ್ಪಿಸಿದ್ದ ವ್ಯವಸ್ಥೆಗೆ ಪದ್ರುವಾದೊ ಎಂದು ಹೆಸರು; ಆ ದೊರೆಯ ಶಕ್ತಿ ಕುಂದಿದಾಗ ಮಿಷನ್ ಕಾರ್ಯವನ್ನು ನೇರವಾಗಿ ನಡೆಸಲು ರೋಮ್ 1622ರಲ್ಲಿ ಸ್ಥಾಪಿಸಿದ ಆಡಳಿತ ಮಂಡಲಿಯೇ ಪ್ರೊಪಗಾಂಡಾ. ಪೋರ್ಚುಗಲ್ ಮತ್ತು ಇಂಗ್ಲೆಂಡಿನ ರಾಜಮನೆತನಗಳ ನಡುವಣ 1661ರ ವಿವಾಹ ಒಪ್ಪಂದದಂತೆ ಮುಂಬಯಿ ದ್ವೀಪ ಇಂಗ್ಲಿಷರಿಗೆ ಸಂದ ಮೇಲೂ ಅಲ್ಲಿನ ಫ್ರಾನ್ಸಿಸ್ಕನ್ ಗುರುಗಳು ಗೋವಾದ ಮಹಾಧರ್ಮಾಧ್ಯಕ್ಷರ ಅಧೀನದಲ್ಲೇ ಇದ್ದರು. ಅವರು ಪೋರ್ಚುಗೀಸರ ಪರ ಎಂಬ ಶಂಕೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಚಾರ್ಲ್ಸ್ ಬೂನ್ 1720ರಲ್ಲಿ ಅವರನ್ನು ಹೊರಡಿಸಿ, ಪ್ರೊಪಗಾಂಡಾ ಕಳುಹಿಸಿದ್ದ ಕಾರ್ಮೆಲೈಟ್ ಸಂನ್ಯಾಸಿಗಳಿಗೆ ಇಗರ್ಜಿಗಳನ್ನು ವಹಿಸಿದನು. ಕ್ಯಾಥೊಲಿಕರ ಗುರುಗಳು ಯಾರೆಂಬುದನ್ನು ಪ್ರಾಟೆಸ್ಟಂಟ್ ವ್ಯಾಪಾರಿ ಕಂಪನಿಯೊಂದು ತೀರ್ಮಾನಿಸಿದ ಈ ವಿಚಿತ್ರವೇ ಮುಂದಿನ ಎಲ್ಲ ಜಗಳಗಳ ಬೇರು. 1789ರಲ್ಲಿ ಗೋವಾದ ಕೈಗೆ, 1791ರಲ್ಲಿ ಮತ್ತೆ ಕಾರ್ಮೆಲೈಟರ ಕೈಗೆ ಅಧಿಕಾರ ಹೋಗಿಬಂದು, ಕೊನೆಗೆ 1794ರಲ್ಲಿ ಕಂಪನಿ ಆಸ್ತಿ ಪಾಲು ಮಾಡಿದಂತೆ ಇಗರ್ಜಿಗಳನ್ನು ಹಂಚಿತು: ಮಝಗಾಂವ್ ಮತ್ತು ಸಾಲ್ವಸಾಂವ್ ಪದ್ರುವಾದೊಗೆ, ಎಸ್ಪೆರಾನ್ಸಾ ಮತ್ತು ಮಾಹಿಮಿನ ಸಂತ ಮೈಕೆಲ್ ಇಗರ್ಜಿ ಪ್ರೊಪಗಾಂಡಾಗೆ.

1838ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಪದ್ರುವಾದೊ ಅಧಿಕಾರವನ್ನು ಬಹುಮಟ್ಟಿಗೆ ಮೊಟಕುಗೊಳಿಸಿದ ಆಜ್ಞೆಯನ್ನು ಗೋವಾದವರು ಒಪ್ಪದೆಹೋದಾಗ ಅವರಿಗೆ ‘ಭೇದಿಗಳು’ ಎಂಬ ಹೆಸರು ಅಂಟಿತು. ಪೋಪರಿಗೆ ನಿಜಸಂಗತಿ ತಿಳಿದಿಲ್ಲ, ಹಳೆಯ ಆಜ್ಞೆಗಳೇ ಊರ್ಜಿತ ಎಂಬುದು ಅವರ ವಾದ. ತಾವೇ ನಿಷ್ಠರೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. 1853ರ ಮಾರ್ಚಿಯಲ್ಲಿ ಮಾಹಿಮಿನ ಇಗರ್ಜಿ ಪದ್ರುವಾದೊ ಪಕ್ಷಕ್ಕೆ ಜಾರುವುದನ್ನು ತಡೆಯಲು ಸ್ವಿಸ್ ಕಪುಚಿನ್ ಧರ್ಮಾಧ್ಯಕ್ಷ ಅನಸ್ತಾಸಿಯುಸ್ ಹಾರ್ಟ್‌ಮನ್ ಒಳಗೆ ಹೋಗಿ ಕುಳಿತರು; ಎದುರಾಳಿಗಳು ಹೊರಗಿನಿಂದ ಸುಮಾರು ಎರಡು ವಾರ ದಿಗ್ಬಂಧನ ಹಾಕಿದರು. ಸರಕಾರ ನಡುವೆ ಬಂದು ಬಾಗಿಲು ತೆರೆಸಿತಾದರೂ ಇಗರ್ಜಿ ದಕ್ಕಿದ್ದು ಹೊರಗಿದ್ದವರಿಗೇ. ಆ ಮೇ ತಿಂಗಳಲ್ಲಿ ಪೋಪ್ ಒಂಬತ್ತನೆಯ ಪಿಯುಸ್, ಮುಂಬಯಿಗೆ ಬಂದು ಪದ್ರುವಾದೊ ಪಕ್ಷದವರಿಗೆ ಸಂಸ್ಕಾರಗಳನ್ನು ನೀಡಿದ್ದ ಮಕಾವಿನ ಧರ್ಮಾಧ್ಯಕ್ಷರನ್ನು ಕಟುವಾಗಿ ಖಂಡಿಸಿದರು. ಅಷ್ಟರಿಂದ ಮಾಹಿಮ್ ಮರಳಲಿಲ್ಲ.

ಬಾಂದ್ರಾದಲ್ಲಿ ಸಂತ ಆಂಡ್ರ್ಯೂ ಇಗರ್ಜಿ ಪದ್ರುವಾದೊದ್ದು, ಅನತಿದೂರದ ಸಂತ ಪೀಟರ್ ಇಗರ್ಜಿ ಪ್ರೊಪಗಾಂಡಾದ್ದು; ಹೀಗೆ ಒಂದೇ ಊರಿನ ಭಕ್ತರು 1928ರ ಒಪ್ಪಂದದವರೆಗೂ ಇಬ್ಬರು ಧರ್ಮಾಧ್ಯಕ್ಷರಿಗೆ ಹಂಚಿಹೋಗಿದ್ದರು. ಆ ಒಪ್ಪಂದವೂ ರಾಜಿಯೇ: ಮುಂಬಯಿಯ ಮಹಾಧರ್ಮಾಧ್ಯಕ್ಷ ಪೀಠದಲ್ಲಿ ಒಮ್ಮೆ ಪೋರ್ಚುಗೀಸರು, ಒಮ್ಮೆ ಬ್ರಿಟಿಷರು ಕೂರಬೇಕೆಂದು ಗೊತ್ತಾಯಿತು. ಆ ಸರದಿಯಲ್ಲಿ ಬಂದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ರಾಬರ್ಟ್ಸ್ ತಾವಾಗಿ ಪಕ್ಕಕ್ಕೆ ಸರಿದು, 1950ರಲ್ಲಿ ಭಾರತೀಯರಾದ ವಲೇರಿಯನ್ ಗ್ರೇಸಿಯಸ್ ಅವರಿಗೆ ಪೀಠ ಬಿಟ್ಟುಕೊಟ್ಟರು.