ದೂರವಾಣಿ ಬಿಲ್ಲು ಹೇಳುವ ಇತಿಹಾಸ

ಮನೆಗೆ ಯಾವ ಇಂಟರ್‌ನೆಟ್ ಸಂಪರ್ಕ ಪಡೆಯುವುದು? ನಗರವಾಸಿಗಳ ಮನೆಗಳಲ್ಲಿ ಇಂದು ಆಗಾಗ ಏಳುವ ಪ್ರಶ್ನೆ ಇದು. ವೇಗ ಎಷ್ಟು, ತಿಂಗಳಿಗೆ ಎಷ್ಟು, ಜೊತೆಗೆ ದೂರವಾಣಿ ಉಂಟೇ, ಮೊಬೈಲ್ ಒಂದೇ ಸಾಲದೇ ಎಂದು ಮನೆಮಂದಿ ಕುಳಿತು ಲೆಕ್ಕ ಹಾಕುತ್ತಾರೆ. ಮೂರು ದಶಕಗಳ ಹಿಂದೆ ಇಂಥ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಹೆಚ್ಚಿನ ಊರುಗಳಲ್ಲಿ ಇದ್ದದ್ದು ಒಂದೇ ಇಲಾಖೆ, ಒಂದೇ ತಂತಿ, ಒಂದೇ ದರಪಟ್ಟಿ. ಗ್ರಾಹಕನ ಪಾಲಿಗೆ ಉಳಿದಿದ್ದ ಕೆಲಸ ಕಾಯುವುದು.

ಅಂದಿನಿಂದ ಇಂದಿನವರೆಗಿನ ಬಿಲ್ಲುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾವ ಕಾಲದಲ್ಲಿ ಯಾವುದು ದುರ್ಲಭವಾಗಿತ್ತೋ ಆ ಕಾಲದಲ್ಲಿ ಅದಕ್ಕೇ ಬೆಲೆ ಬಿದ್ದಿದೆ. ಮೊದಲು ತಂತಿಗೆ, ಬಳಿಕ ನಿಮಿಷಕ್ಕೆ, ಅನಂತರ ಮೆಗಾಬೈಟ್‌ಗೆ, ಈಗ ವೇಗಕ್ಕೆ.

ತಂತಿಗಾಗಿ ಸರದಿ

ಕಲ್ಕತ್ತ, ಮುಂಬಯಿ ಮತ್ತು ಮದ್ರಾಸುಗಳಲ್ಲಿ 1882ರಲ್ಲೇ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾದವು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಸಂಖ್ಯೆಯ ತಟ್ಟೆಯನ್ನು ಬೆರಳಿನಿಂದ ತಿರುಗಿಸುವ ಕಪ್ಪು ಫೋನುಗಳು ದೇಶದ ಕಚೇರಿಗಳಿಗೂ ಮನೆಗಳಿಗೂ ಹೋದದ್ದು ಇಲ್ಲಿಂದಲೇ.

ಆದರೆ ಬೇಡಿಕೆಗೂ ಪೂರೈಕೆಗೂ ತಾಳೆ ಬೀಳಲಿಲ್ಲ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಕೊಟ್ಟ ಅಂಕಿಗಳೇ ಇದಕ್ಕೆ ಸಾಕ್ಷಿ. ಆಗ ಇಡೀ ದೇಶದಲ್ಲಿದ್ದ ಸಂಪರ್ಕಗಳು ಸುಮಾರು 80 ಲಕ್ಷ. ಅರ್ಜಿ ಹಾಕಿ ಕಾಯುತ್ತಿದ್ದವರು ಸುಮಾರು 25 ಲಕ್ಷ. ನೂರು ಜನಕ್ಕೆ ಒಂದು ಫೋನು ಕೂಡ ಇರಲಿಲ್ಲ. ಒಟ್ಟು 5,76,490 ಹಳ್ಳಿಗಳ ಪೈಕಿ ಫೋನ್ ಕಂಡಿದ್ದವು ಸುಮಾರು 1.4 ಲಕ್ಷ. ಹೆಚ್ಚಿನ ಠೇವಣಿ ಕಟ್ಟಬಲ್ಲವರಿಗೆ 'ಓನ್ ಯುವರ್ ಟೆಲಿಫೋನ್' ಯೋಜನೆಯಲ್ಲಿ ಬೇರೆಯೇ ಸರದಿ ಇತ್ತು. ಆ ಸರದಿಯೂ ಚಿಕ್ಕದಾಗಿರಲಿಲ್ಲ.

ಪರ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಕಾದಿರಿಸಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಅವಸರ ಹೆಚ್ಚಿದಷ್ಟೂ ದರ ಹೆಚ್ಚು. ಆಪರೇಟರ್ ನೆರವಿಲ್ಲದೆ ನೇರವಾಗಿ ದೂರದ ಊರಿಗೆ ಕರೆ ಮಾಡುವ ಎಸ್‌ಟಿಡಿ ಸೌಲಭ್ಯ 1960ರಲ್ಲಿ ಲಖನೌ–ಕಾನ್ಪುರ ನಡುವೆ ಮೊದಲಾದರೂ ಎಲ್ಲ ಊರುಗಳಿಗೆ ಹರಡಲು ದಶಕಗಳೇ ಹಿಡಿದವು.

ಈ ಸ್ಥಿತಿಯನ್ನು ಬದಲಿಸುವ ಯತ್ನದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ಚಿಕ್ಕದೊಂದು ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರೂಪಿಸಿತು. ವಿದೇಶಿ ಯಂತ್ರಗಳಂತೆ ಇದಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ನಮ್ಮ ಬಿಸಿಲು, ದೂಳನ್ನು ತಾಳಿಕೊಳ್ಳುವಂತೆ ಕಟ್ಟಿದ್ದರು. 128 ಸಂಪರ್ಕಗಳ ಇಂಥ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಮುಂದೆ ಬೀದಿ ಬೀದಿಯಲ್ಲಿ ಹಳದಿ ಫಲಕದ ಎಸ್‌ಟಿಡಿ ಬೂತ್‌ಗಳು ಹುಟ್ಟಿಕೊಂಡವು. ರಾತ್ರಿ ಏರಿದಂತೆ ದರ ಇಳಿಯುತ್ತಿದ್ದುದರಿಂದ ಆ ಹೊತ್ತಿಗೆ ಅವುಗಳ ಮುಂದೆ ಜನ ಸಾಲು ನಿಲ್ಲುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು.

ನಿಮಿಷಗಳ ಲೆಕ್ಕ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ (ವಿಎಸ್‌ಎನ್‌ಎಲ್) ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ತೆರೆಯಿತು. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ವ್ಯಕ್ತಿಗಳಿಗೆ 250 ಗಂಟೆಗೆ ಶುಲ್ಕ 5,000 ರೂಪಾಯಿ, ಎಂದರೆ ಗಂಟೆಗೆ 20 ರೂಪಾಯಿ. ಇದಲ್ಲದೆ ಸಂಪರ್ಕ ಇರುವಷ್ಟು ಹೊತ್ತೂ ಫೋನಿನ ಮೀಟರ್ ಓಡುತ್ತಿತ್ತು.

ಇದರ ಅರ್ಥ ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ಐದು ಮೆಗಾಬೈಟ್‌ನ ಒಂದು ಹಾಡನ್ನು ಇಳಿಸಿಕೊಳ್ಳಲು ಆ ವೇಗದಲ್ಲಿ ಸುಮಾರು 70 ನಿಮಿಷ ಬೇಕು. ಫೋನ್ ಬಿಲ್ಲು ಬಿಟ್ಟು ಖರ್ಚು 23 ರೂಪಾಯಿ. ಮಧ್ಯೆ ಸಂಪರ್ಕ ಕಡಿದರೆ ಹಲವು ಸಲ ಮತ್ತೆ ಮೊದಲಿನಿಂದ.

ವೇಗ ಇಷ್ಟು ಕಡಿಮೆ ಇರಲು ಕಾರಣವೇನು? ದೂರವಾಣಿ ಜಾಲವನ್ನು ಕಟ್ಟಿದ್ದು ಮನುಷ್ಯರ ಮಾತಿಗಾಗಿ. ಕಂಪ್ಯೂಟರಿನ ಸಂಕೇತಗಳನ್ನು ಅದರ ಮೂಲಕ ಕಳುಹಿಸಬೇಕಾದರೆ ಅವನ್ನು ಸದ್ದಾಗಿ ಮಾರ್ಪಡಿಸಬೇಕು. ಆ ಕೆಲಸ ಮಾಡುವ ಪೆಟ್ಟಿಗೆಯೇ ಮೋಡೆಮ್. ಸಂಪರ್ಕದ ಆರಂಭದಲ್ಲಿ ಕೇಳಿಸುತ್ತಿದ್ದ ಕಿರುಚಾಟ ಎರಡು ಮೋಡೆಮ್‌ಗಳ ಪರಸ್ಪರ ಮಾತುಕತೆ. ಮಾತಿನ ದಾರಿಯಲ್ಲೇ ಮಾಹಿತಿಯೂ ಸಾಗುತ್ತಿದ್ದುದರಿಂದ ಮನೆಯಲ್ಲಿ ಒಬ್ಬರು ಇಂಟರ್‌ನೆಟ್ ಬಳಸುತ್ತಿದ್ದರೆ ಹೊರಗಿನವರಿಗೆ ಫೋನ್ 'ಎಂಗೇಜ್'. ಈ ವಿಧಾನ ಸೆಕೆಂಡಿಗೆ 56 ಕಿಲೋಬಿಟ್‌ಗಿಂತ ಮೇಲೇರಲಿಲ್ಲ. ಆ ವೇಗದಲ್ಲೂ ಅದೇ ಹಾಡಿಗೆ 12 ನಿಮಿಷ ಬೇಕು.

1998ರಲ್ಲಿ ಖಾಸಗಿ ಕಂಪೆನಿಗಳಿಗೂ ಇಂಟರ್‌ನೆಟ್ ಸೇವೆ ಒದಗಿಸಲು ಅವಕಾಶ ದೊರೆತು ದರ ಇಳಿಯತೊಡಗಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಗಂಟೆಯ ಲೆಕ್ಕದ ಸೈಬರ್ ಕೆಫೆಗಳು ಆಸರೆಯಾದವು.

ಮೊಬೈಲ್ ಕೂಡ ನಿಮಿಷಗಳ ಲೆಕ್ಕದಲ್ಲೇ ಬಂತು. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತದಿಂದ ದೆಹಲಿಗೆ ಹೋಯಿತು. ಮಾಡಿದವರು ಮುಖ್ಯಮಂತ್ರಿ ಜ್ಯೋತಿ ಬಸು, ಸ್ವೀಕರಿಸಿದವರು ಕೇಂದ್ರ ಸಚಿವ ಸುಖ್ ರಾಮ್. ಆಗ ಕರೆ ಸ್ವೀಕರಿಸಿದವರೂ ಹಣ ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಸಂಬಳ ಬರುವವರ ಕೈಯಲ್ಲಷ್ಟೇ ಇದ್ದ ಮೊಬೈಲ್ ಹಮಾಲರು, ಹೂ ಮಾರುವವರ ಕೈಗೂ ಬಂದದ್ದು ಆ ಬಳಿಕ. ಖರ್ಚಿಲ್ಲದೆ ಸುದ್ದಿ ಮುಟ್ಟಿಸುವ 'ಮಿಸ್ಡ್ ಕಾಲ್' ಜನರೇ ಕಂಡುಕೊಂಡ ಉಪಾಯ.

ಮೆಗಾಬೈಟ್ ಬಂತು

2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ಅಥವಾ ಅದಕ್ಕಿಂತ ಹೆಚ್ಚಿನ ವೇಗದ, ಸದಾ ಚಾಲನೆಯಲ್ಲಿರುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರಲ್ಲಿ ಬಿಎಸ್‌ಎನ್‌ಎಲ್ 'ಡಾಟಾ ಒನ್' ಸೇವೆ ಆರಂಭಿಸಿತು. ತಂತಿ ಹಳೆಯದೇ. ಆದರೆ ಮಾತು ತಂತಿಯ ಕೆಳ ಆವರ್ತನಗಳಲ್ಲಿ, ಮಾಹಿತಿ ಮೇಲಿನ ಆವರ್ತನಗಳಲ್ಲಿ ಸಾಗುವಂತೆ ಮಾಡಲಾಯಿತು. ಫೋನೂ ಇಂಟರ್‌ನೆಟ್ಟೂ ಒಟ್ಟಿಗೆ ನಡೆದವು. ಹಾಡು ಎರಡೂವರೆ ನಿಮಿಷಕ್ಕೆ ಇಳಿಯಿತು. ವಿನಿಮಯ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಕುಗ್ಗುತ್ತಿದ್ದುದು ಇದರ ಕೊರತೆ.

ನಿಮಿಷದ ಚಿಂತೆ ಹೋಗಿ ಮೆಗಾಬೈಟ್ ಚಿಂತೆ ಬಂತು. ಮಿತಿ ದಾಟಿದರೆ ಪ್ರತಿ ಮೆಗಾಬೈಟ್‌ಗೂ ಹಣ. ಬಿಎಸ್‌ಎನ್‌ಎಲ್‌ನ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆ ಲೆಕ್ಕಕ್ಕಿರಲಿಲ್ಲ. ಅಲಾರಾಂ ಇಟ್ಟು ಎದ್ದು ಸಿನಿಮಾ ಇಳಿಸಿಕೊಂಡವರು ಒಬ್ಬಿಬ್ಬರಲ್ಲ. ಎಸ್‌ಟಿಡಿ ಬೂತಿನ ರಾತ್ರಿ ಸಾಲು ಮನೆಯೊಳಗೇ ಬಂದಂತಾಯಿತು!

2016ರ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾದ ಮೇಲೆ ಮೊಬೈಲ್ ಡೇಟಾ ಬೆಲೆ ಪಾತಾಳಕ್ಕಿಳಿಯಿತು. ಪೈಪೋಟಿ ತಾಳದೆ ಹಲವು ಕಂಪೆನಿಗಳು ಮುಚ್ಚಿದವು, ಕೆಲವು ವಿಲೀನವಾದವು. ಉಳಿದ ಖಾಸಗಿ ಕಂಪೆನಿಗಳು ಮೂರು. 2024ರ ಜುಲೈನಲ್ಲಿ ಆ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದಾಗ ಗ್ರಾಹಕರಿಗೆ ಆಯ್ಕೆ ಎಷ್ಟು ಕಿರಿದಾಗಿದೆ ಎಂಬುದು ಅರಿವಾಯಿತು.

ವೇಗದ ಒಗಟು

ಈಗ ಫೈಬರ್ ಯುಗ. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಮಾಹಿತಿ ಸಾಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ನಮ್ಮ ಹಾಡಿಗೆ ಅರ್ಧ ಸೆಕೆಂಡೂ ಬೇಡ. ಜಾಹೀರಾತಿನ ಸಂಖ್ಯೆಯನ್ನು ಓದುವಾಗ ಮಾತ್ರ ಎರಡು ಎಚ್ಚರ ಬೇಕು. ಅಲ್ಲಿರುವುದು ಬಿಟ್, ನಾವು ಕಡತ ಅಳೆಯುವುದು ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಇನ್ನು ಸಂಖ್ಯೆಯ ಪಕ್ಕದ 'ವರೆಗೆ' ಎಂಬ ಪುಟ್ಟ ಪದ. ಸಂಜೆ ಬೀದಿಯ ಮನೆಗಳೆಲ್ಲ ಒಟ್ಟಿಗೆ ಬಳಸತೊಡಗಿದಾಗ ಅದರ ಅರ್ಥ ತಿಳಿಯುತ್ತದೆ.

ಕಳೆದುಕೊಂಡದ್ದೂ ಒಂದಿದೆ. ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಮಾತನಾಡುತ್ತಿತ್ತು. ಫೈಬರ್ ಜೊತೆಗೆ ಬರುವ ದೂರವಾಣಿ ಕರೆಂಟು ಹೋದರೆ ಮೂಕವಾಗುತ್ತದೆ. ವೃದ್ಧರಿರುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

1994ರ ನೀತಿ, ಕೇಳಿದವರಿಗೆಲ್ಲ 1997ರೊಳಗೆ ಫೋನ್ ಎಂಬ ಭರವಸೆ ನೀಡಿತ್ತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ, ಈಗಿನ ಭಾರತ್‌ನೆಟ್‌ಗೆ, ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಆದರೂ 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡು ಮತ್ತು ಕರಾವಳಿಯ ಒಳಹಳ್ಳಿಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು. ಗುಡ್ಡ ಹತ್ತಿದ ಆ ಮಕ್ಕಳ ಊರಿಗೆ ಅಷ್ಟಾದರೂ ತಲುಪಿದಾಗಲೇ 1994ರ ಮಾತು ನಡೆಸಿದಂತೆ.