ರೈಲು ಹಳಿಗುಂಟ ಬಂದ ಪ್ರಾರ್ಥನಾ ಕೂಟ



ಕಳೆದ ತಿಂಗಳು ಸೇಡಂನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ನೀವು ಹಾಜರಿ ಹಾಕುವಾಗ ಬರೀ ಹೆಸರು ಕರೆಯುತ್ತಿರಲಿಲ್ಲ. ಒಬ್ಬೊಬ್ಬರ ಮುಖ ನೋಡಿ ‘ಹೆಂಗಿದ್ದೀ?’ ಅಂತ ಕೇಳುತ್ತಿದ್ದಿರಿ. ಅದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು. ಯಾಕ ಸರ್?" ಎಂದು ಕೇಳಿದ. ಬಿ.ಎಡ್. ತರಬೇತಿಯಲ್ಲಿ ಕಲಿತದ್ದಿರಬೇಕು ಎಂಬುದು ಅವನ ಊಹೆ. ಅಲ್ಲ. ನಾನದನ್ನು ಕಲಿತದ್ದು ವಾಡಿಯ ರೈಲ್ವೆ ಕಾಲೊನಿಯ ಒಂದು ಸಣ್ಣ ಕೋಣೆಯಲ್ಲಿ. ಆ ಕೋಣೆಗೆ ಅದು ಎಲ್ಲಿಂದ ಬಂತೆಂಬುದು ದೊಡ್ಡ ಕಥೆ. ನಿಮ್ಮಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಇದನ್ನು ನಮ್ಮ ಸೀಮೆಯ ಚರಿತ್ರೆಯ ಒಂದು ಪುಟವೆಂದೇ ಓದಬಹುದು.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ (1703–1791) ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಕೆಲವು ತರುಣರು ಸೇರಿ ನಿಯಮದಂತೆ ಪ್ರಾರ್ಥಿಸುವುದು, ಓದುವುದು, ಸೆರೆಮನೆಯಲ್ಲಿದ್ದವರನ್ನು ಕಾಣುವುದು ಮಾಡುತ್ತಿದ್ದರು. ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುತ್ತಾರೆಂದು ಸಹಪಾಠಿಗಳು ಹಾಸ್ಯಕ್ಕೆ ಇಟ್ಟ ಹೆಸರೇ ಮೆಥೋಡಿಸ್ಟ್. ಆದರೆ ವೆಸ್ಲಿಯವರಿಗೆ ನಿಯಮಗಳಿಂದ ಮನಶ್ಶಾಂತಿ ದೊರೆಯಲಿಲ್ಲ. 1738ರಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕರು ಅವರಿಗೆ ವಿಶ್ವಾಸದ ಅರ್ಥವನ್ನು ಬಿಡಿಸಿ ಹೇಳಿದರು. ಬೋಲರ್ ವೆಸ್ಲಿಗಿಂತ ಒಂಬತ್ತು ವರ್ಷ ಕಿರಿಯರು! ದೀಕ್ಷೆ ಪಡೆದು ಹತ್ತು ವರ್ಷವಾಗಿದ್ದ ಪಾದ್ರಿಯೊಬ್ಬರು ಕಿರಿಯನೆದುರು ಶಿಷ್ಯನಾಗಿ ಕುಳಿತರೆಂಬುದು ಶಿಕ್ಷಕನಾದ ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಮುಂದಿನದು ಇನ್ನೂ ಸ್ವಾರಸ್ಯಕರ. 1742ರಲ್ಲಿ ಬ್ರಿಸ್ಟಲ್ ನಗರದ ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಕ್ಯಾಪ್ಟನ್ ಫಾಯ್ ಎಂಬವರು ಸಲಹೆ ಮಾಡಿದರು. ಬಡವರು ಎಲ್ಲಿಂದ ಕೊಟ್ಟಾರು ಎಂಬ ಪ್ರಶ್ನೆ ಬಂದಾಗ, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಲೆಕ್ಕಕ್ಕೆ ಬರೆಯಿರಿ, ಅವರಿಂದಾಗದಿದ್ದರೆ ನಾನೇ ಕೊಡುತ್ತೇನೆ ಎಂದರು. ಹೀಗೆ ನಾಯಕನೂ ಸೇರಿ ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲವೂ ಕಂಡವು. ತಾನು ಇಷ್ಟು ದಿನ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಕ್ರಮೇಣ ಆ ಹನ್ನೆರಡು ಮಂದಿ ವಾರಕ್ಕೊಮ್ಮೆ ಒಂದೆಡೆ ಸೇರಿ, ಒಬ್ಬೊಬ್ಬರೂ ತಮ್ಮ ಅಂತರಂಗದ ಸ್ಥಿತಿಯನ್ನು ಹೇಳಿಕೊಳ್ಳುವ ರೂಢಿ ಬೆಳೆಯಿತು. ನಾಯಕರು ಪಾದ್ರಿಗಳೇ ಆಗಬೇಕೆಂದಿರಲಿಲ್ಲ. ಕೈಕಸುಬಿನವರೂ ಹೆಂಗಸರೂ ನಾಯಕರಾದರು. ಸಾಲ ತೀರಿಸಲು ಮಾಡಿದ ಏರ್ಪಾಡು ಆತ್ಮವಿಚಾರದ ಕೂಟವಾಯಿತು.

ಈ ಪದ್ಧತಿಯನ್ನು ಮುಂಬಯಿಗೆ ತಂದವರು ಅಮೆರಿಕದ ವಿಲಿಯಂ ಟೇಲರ್ (1821–1902). ಚಿನ್ನದ ಬೇಟೆಯ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಬೋಧಿಸಿ ಗಂಟಲು ಗಟ್ಟಿಮಾಡಿಕೊಂಡಿದ್ದ ಮನುಷ್ಯ. 1871ರ ಕೊನೆಯಲ್ಲಿ ಮುಂಬಯಿಗೆ ಬಂದು, ಮನೆಗಳಲ್ಲಿ ಸಣ್ಣ ಸಣ್ಣ ಕೂಟಗಳನ್ನು ಕಟ್ಟಿದರು. ಅಮೆರಿಕದಿಂದ ಹಣ ತರಿಸಕೂಡದು, ಕೂಟದವರೇ ತಮ್ಮ ಖರ್ಚು ನೋಡಿಕೊಳ್ಳಬೇಕು ಎಂಬುದು ಅವರ ಹಟ. 1848ರಿಂದ ಮುಂಬಯಿಯಲ್ಲಿ ಬಡವರಂತೆ ಬಾಳುತ್ತಿದ್ದ, ಮಿಶನ್ನಿನ ಸಂಬಳವನ್ನೇ ಬಿಟ್ಟಿದ್ದ ಜಾರ್ಜ್ ಬೋವೆನ್ ಅವರ ಜೊತೆಯಾದರು. 1874ರಲ್ಲಿ ಟೇಲರ್ ಮದರಾಸು, ಬೆಂಗಳೂರುಗಳಲ್ಲಿಯೂ ಬೋಧಿಸಿದರು.

ಇಲ್ಲಿ ನೀವು ನಕಾಶೆ ತೆರೆಯಬೇಕು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿದ ಜಿ.ಐ.ಪಿ. ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಹೊರಟು ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಹಾದು ಸಿಕಂದರಾಬಾದ್ ಮುಟ್ಟಿತು. ಪಾಪ, ಚಿಂಚೋಳಿ ಊರಿಗೆ ಮಾತ್ರ ಹಳಿ ಬರಲಿಲ್ಲ. ಟೇಲರರ ಕೂಟಗಳಲ್ಲಿ ರೈಲ್ವೆ, ತಂತಿ ಇಲಾಖೆಗಳ ಆಂಗ್ಲರು ಮತ್ತು ಆಂಗ್ಲೋ ಇಂಡಿಯನ್ನರೇ ಬಹಳ. ನೌಕರನಿಗೆ ವರ್ಗವಾದರೆ ಕೂಟದ ರೂಢಿಯೂ ಅವನ ಪೆಟ್ಟಿಗೆಯೊಡನೆ ಮುಂದಿನ ಸ್ಟೇಷನ್ನಿಗೆ ಹೋಗುತ್ತಿತ್ತು.

ಟೇಲರರ ಹಟಕ್ಕೆ ಮಿತಿಯೂ ಇತ್ತೆಂಬುದನ್ನು ಮುಚ್ಚಿಡಬಾರದು. ಸಂಬಳದ ಇಂಗ್ಲಿಷ್ ನೌಕರರು ತಮ್ಮ ಖರ್ಚು ತಾವು ನೋಡಿಕೊಂಡಾರು. ಊರ ಹೊರಗಿನ ಕೇರಿಗಳಲ್ಲಿದ್ದ ಕೂಲಿಕಾರರಿಂದ ಅದು ಆಗುವಂತಿರಲಿಲ್ಲ. ಕನ್ನಡ, ತೆಲುಗು ಮಾತನಾಡುವ ಹಳ್ಳಿಗಳಲ್ಲಿ ಕೆಲಸ ಬೆಳೆದಾಗ ಮಿಶನ್ನಿನ ಹಣ ಬೇಕೇ ಆಯಿತು. ಹಣ ಬಂದಲ್ಲಿ ಸಂಬಳದ ಬೋಧಕ ಬಂದ. ಕೂಟದ ನಾಯಕ ಹಿಂದಕ್ಕೆ ಸರಿದ. ಇಂಗ್ಲೆಂಡ್ ಅಮೆರಿಕಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹನ್ನೆರಡು ಜನರ ಕೂಟ ಸೊರಗಿತ್ತು. ಇದರಿಂದ ನಷ್ಟವೇ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ಒಪ್ಪದವರು ನಮ್ಮ ಮನೆತನದಲ್ಲಿಯೇ ಇದ್ದಾರೆ.

ಆದರೂ ಅದು ಎಲ್ಲೆಡೆ ಅಳಿಯಲಿಲ್ಲ. 1960ರ ದಶಕದ ಕೊನೆಯಲ್ಲಿ ವಾಡಿಯ ನಮ್ಮ ಕಾಲೊನಿಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಕೂಟವಿರುತ್ತಿತ್ತು. ನನ್ನ ತಂದೆ ಗ್ಯಾಂಗ್‌ಮನ್. ಅವರ ಗ್ಯಾಂಗಿನ ಮುಕಾದಮರೇ ಕೂಟದ ನಾಯಕರು; ನಾವು ಹುಡುಗರು ಅವರನ್ನು ಮುಕಾದಮ ಕಾಕಾ ಎನ್ನುತ್ತಿದ್ದೆವು. ಶಹಾಬಾದಿ ಫರ್ಸಿ ಹಾಸಿದ ಅವರ ಕೋಣೆಯಲ್ಲಿ ಕಂದೀಲಿನ ಸುತ್ತ ಹತ್ತು ಹನ್ನೆರಡು ಜನ ಕೂಡುತ್ತಿದ್ದರು. ಒಂದು ಹಾಡು, ಒಂದು ಓದು, ಆಮೇಲೆ ಕಾಕಾ ಒಬ್ಬೊಬ್ಬರ ಕಡೆಗೂ ತಿರುಗಿ "ಹೆಂಗಿದ್ದೀ?" ಎನ್ನುವರು. ಆ ಒಂದು ಮಾತಿಗೆ ಜನ ಅಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಕುಡಿದದ್ದು, ಹೆಂಡತಿಯನ್ನು ಹೊಡೆದದ್ದು, ಪ್ರಾರ್ಥನೆಯೇ ಬಾರದಂತಾದದ್ದು ಎಲ್ಲವೂ ಅಲ್ಲಿ ಹೊರಬರುತ್ತಿತ್ತು. ಅಲ್ಲಿ ಕೇಳಿದ್ದು ನಳದ ಹತ್ತಿರ ಮಾತಾಗಬಾರದೆಂಬುದು ಕಟ್ಟಪ್ಪಣೆ.

ಕಾಕಾ ಅವರಿಗೆ ಓದು ಬರುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆಯೂ ಮೇಲಿನ ಶಾಲೆಗಳ ಭಾಷೆಯೂ ಉರ್ದು. ಕೂಲಿಯವರ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರು ವಿರಳ. 1948ರ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಕಾಕಾ ನಡುವಯಸ್ಕರು. ಹೀಗಾಗಿ ಸತ್ಯವೇದ ಓದುವ ಕೆಲಸ ಹತ್ತು ವರ್ಷದ ನನ್ನ ಪಾಲಿಗೆ ಬಂತು. ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ದುಡಿದು, 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದಿದ್ದರು. ಅದು ಹಲವು ಸಲ ಪರಿಷ್ಕಾರಗೊಂಡು ನಮ್ಮ ಕೋಣೆಯವರೆಗೆ ಬಂದಿತ್ತು. ನನ್ನ ಮಾತು ಗ್ರಾಂಥಿಕವೆಂದು ನೀವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದಿರಲ್ಲ, ಅದರ ಮೂಲ ಅಲ್ಲಿದೆ.

ಒಂದು ಶುಕ್ರವಾರ ಟೂರಿಂಗ್ ಟಾಕೀಸಿನಲ್ಲಿ ಹೊಸ ಚಿತ್ರ. ಬೇಗ ಮುಗಿಸುವ ಆಸೆಯಿಂದ, ಪಾರ್ಶ್ವವಾಯು ರೋಗಿಯನ್ನು ಯೇಸು ಗುಣಪಡಿಸಿದ ಅಧ್ಯಾಯದಲ್ಲಿ ನಡುವಿನ ಸಾಲುಗಳನ್ನು ಹಾರಿಸಿ ಓದಿದೆ. ಯಾರೂ ಏನೂ ಅನ್ನಲಿಲ್ಲ. ಕೂಟ ಮುಗಿದ ಮೇಲೆ ಕಾಕಾ ಮನೆಯವರೆಗೆ ನನ್ನ ಜೊತೆ ನಡೆದುಬಂದರು. ದಾರಿಯಲ್ಲಿ ಮೆಲ್ಲಗೆ, "ತಮ್ಮಾ, ಆ ನಾಕು ಮಂದಿ ಎಲ್ಲಿ ಹೋದ್ರೋ? ಅವರು ಮಾಳಗಿ ತೆಗೆದು ಹೊರಸು ಇಳಿಸಲಿಲ್ಲಂದ್ರ ಆ ರೋಗಿ ಒಳಗ ಹ್ಯಾಂಗ ಬಂದ?" ಎಂದರು. ಅಕ್ಷರ ಬಾರದ ಅವರಿಗೆ ಅಧ್ಯಾಯವೆಲ್ಲ ಬಾಯಿಪಾಠವಿತ್ತು. ಎಲ್ಲರೆದುರು ನನ್ನನ್ನು ಹಿಡಿದುಕೊಡಲಿಲ್ಲ. ಚಿತ್ರಕ್ಕೆ ನಾನು ಹೋಗಲಿಲ್ಲ.

ವರ್ಷಕ್ಕೊಮ್ಮೆ ವಿಕಾರಾಬಾದ್ ಹತ್ತಿರದ ಧಾರೂರಿಗೆ ಅವರೊಡನೆ ಜಾತ್ರೆಗೆ ಹೋಗುತ್ತಿದ್ದೆವು. 1920ರ ದಶಕದಲ್ಲಿ ಮೆಥೋಡಿಸ್ಟರು ಆರಂಭಿಸಿದ ಜಾತ್ರೆ ಅದು. ಚಿತ್ತಾಪುರ, ಸೇಡಂನವರು ರೈಲಿನಲ್ಲಿ ಕೂಡಿಕೊಳ್ಳುತ್ತಿದ್ದರು. ಚಿಂಚೋಳಿ ಕಡೆಯವರು ರೊಟ್ಟಿಯ ಗಂಟು ಹೊತ್ತು ತಾಂಡೂರಿನಲ್ಲಿ ಹತ್ತುತ್ತಿದ್ದರು. ಡಬ್ಬಿಯಲ್ಲಿ ಕನ್ನಡದ ಹಾಡೂ ತೆಲುಗಿನ ಹಾಡೂ ಒಂದರ ಮೇಲೊಂದು.

1979ರಲ್ಲಿ ಪದವಿಗೆಂದು ಕಲಬುರಗಿಗೆ ಹೋದವನು ಕೂಟವನ್ನು ಮರೆತೆ. ಓದಿದವನಿಗೆ ಕಂದೀಲಿನ ಪ್ರಾರ್ಥನೆ ಸಣ್ಣದಾಗಿ ಕಂಡಿತು. ರಜೆಯಲ್ಲಿ ಬಂದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. 1984ರಲ್ಲಿ ಬಿ.ಎಡ್. ಪರೀಕ್ಷೆಯ ಹೊತ್ತಿಗೆ ಕಾಕಾ ಹಾಸಿಗೆ ಹಿಡಿದಿದ್ದಾರೆಂದು ಅಪ್ಪ ಕಾಗದ ಹಾಕಿಸಿದರು. ವಾಡಿ ಒಂದು ತಾಸಿನ ದಾರಿ. ಪರೀಕ್ಷೆ ಮುಗಿಸಿ ಹೋಗೋಣವೆಂದುಕೊಂಡೆ. ಹೋದಾಗ ಮಣ್ಣು ಮಾಡಿ ಆರು ದಿನವಾಗಿತ್ತು.

ಅವರ ಮಗ ನನಗೊಂದು ಪುಸ್ತಕ ಕೊಟ್ಟ. ಕೂಟದ ಹಾಜರಿ ಪುಸ್ತಕ. ಹೆಸರುಗಳು ಹುಡುಗನಾಗಿದ್ದಾಗ ನಾನೇ ಬರೆದವು; ಬಂದವರಿಗೆ ಗೆರೆ, ಬಾರದವರಿಗೆ ಸೊನ್ನೆ, ಅವು ಮಾತ್ರ ಕಾಕಾ ಅವರ ಕೈಯವು. ನನ್ನ ಹೆಸರನ್ನು ಅವರು ಹೊಡೆದುಹಾಕಿರಲಿಲ್ಲ. ಐದು ವರ್ಷ, ವಾರವಾರವೂ ಸೊನ್ನೆ ಇಟ್ಟಿದ್ದರು. ಸೊನ್ನೆ ಬಿದ್ದವರ ಮನೆಗೆ ಆ ವಾರ ಹೋಗಿಬರುವುದು ಅವರ ನಿಯಮ. ಕಲಬುರಗಿಗೆ ಬರಲಾಗದೆ, ಪ್ರತಿ ಶನಿವಾರ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತು, "ಹುಡುಗ ಹೆಂಗಿದ್ದಾನವ್ವಾ?" ಎಂದು ಕೇಳಿ ಹೋಗುತ್ತಿದ್ದರಂತೆ. ಅವ್ವ ಇದನ್ನು ನನಗೆ ಹೇಳಿದ್ದು ಅಂದೇ.

ಮರುವರ್ಷ ಚಿತ್ತಾಪುರದಲ್ಲಿ ನನಗೆ ಮೊದಲ ನೌಕರಿಯಾಯಿತು. ಎಂಟನೆಯ ತರಗತಿ, ನಲವತ್ತೊಂದು ಹೆಸರು.