ಸೊಪ್ಪಿನ ತೋಟ, ಸೀಮೆಗೊಬ್ಬರ ಮತ್ತು ಬರಗಾಲ

ದೊಡ್ಡಮಳೂರು ಎಂದರೆ ಅಪ್ರಮೇಯಸ್ವಾಮಿ, ಅಂಬೆಗಾಲು ಕೃಷ್ಣ ಎಂದು ನಾಡಿಗೆಲ್ಲ ಗೊತ್ತು. ಆದರೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆ ಉರಿಸಿದ್ದು ರೇಷ್ಮೆ ಹುಳು. ಹುಳುವಿಗೆ ಸೊಪ್ಪು ಬೇಕು, ಸೊಪ್ಪಿಗೆ ಗೊಬ್ಬರ ಬೇಕು. ಆ ಗೊಬ್ಬರಕ್ಕೂ ಬರಗಾಲಕ್ಕೂ ಇರುವ ನಂಟನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು ಬಹುಕಾಲ ಮಳೆಯನ್ನೇ ನಂಬಿತ್ತು. ಆಗ ಇದ್ದದ್ದು ನಾಟಿ ಹಿಪ್ಪುನೇರಳೆ. ಹಿರಿಯರು ಹಾಕುತ್ತಿದ್ದುದು ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಕೆರೆಗೋಡು. ಸೊಪ್ಪು ಕಡಿಮೆ ಬರುತ್ತಿತ್ತು, ನಿಜ. ಆದರೆ ಮಣ್ಣು ತೇವ ಹಿಡಿದಿಡುತ್ತಿತ್ತು.

1946ರಲ್ಲಿ ಕಣ್ವ ಜಲಾಶಯವಾಯಿತು. ಮುಂದೆ ಕಣ್ವ-2, ಅಂದರೆ ನಾವು ಎಂ-5 ಎನ್ನುವ ತಳಿ, ನಮ್ಮ ಕಣ್ವದ ಹೆಸರನ್ನೇ ಹೊತ್ತು ನಾಡಿನಲ್ಲೆಲ್ಲ ಹಬ್ಬಿತು. 1997ರಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಬಂತು. ಹೊಸ ತಳಿಗೆ ಹೊಟ್ಟೆ ದೊಡ್ಡದು. ನೀರಾವರಿಯ ಎಂ-5 ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರ, ಅದರ ಜೊತೆಗೆ ಸಾರಜನಕ 300, ರಂಜಕ 120, ಪೊಟಾಷ್ 120 ಕಿಲೋ ಎಂದು ಶಿಫಾರಸಾಯಿತು. ಮಳೆ ಆಶ್ರಯದ ತೋಟಕ್ಕೆ 10 ಟನ್ ಗೊಬ್ಬರ, 100:50:50. ಮೂರೂ ಒಟ್ಟಿಗೆ ಇರಬೇಕು ಎಂಬುದೇ ಇದರ ಮರ್ಮ.

ಆ ಸಮತೋಲ ತಪ್ಪಿದ್ದು ಎಲ್ಲಿ? 1992ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆಯಿತು. ಅವುಗಳ ಬೆಲೆ ಏರಿತು. ಯೂರಿಯಾ ಮಾತ್ರ ನಿಯಂತ್ರಣದಲ್ಲೇ ಉಳಿಯಿತು. ಅಗ್ಗದ ಮೂಟೆಯ ಕಡೆ ರೈತನ ಕೈ ಹೋದದ್ದು ಸಹಜ. ದೇಶದಾದ್ಯಂತ ಹಾಗೇ ಆಯಿತು. ಯೂರಿಯಾ ಹಾಕಿದ ವಾರದಲ್ಲೇ ತೋಟ ಕಪ್ಪಗೆ ಕಾಣುತ್ತೆ, ಪೊಟಾಷ್ ಕೆಲಸ ಕಣ್ಣಿಗೆ ಬೀಳಲ್ಲ.

ಅದು ಬೀಳುವುದು ಬರಗಾಲದಲ್ಲಿ. ಎಲೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರು ಆವಿಯಾಗುವುದು ಅಲ್ಲಿಂದ. ಆ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಮುಚ್ಚಲು ಗಿಡಕ್ಕೆ ಪೊಟಾಷ್ ಬೇಕು. ಬರೀ ಯೂರಿಯಾ ಉಂಡ ಗಿಡದಲ್ಲಿ ಎಲೆ ಹೆಚ್ಚು, ಆ ಅಳತೆಗೆ ಬೇರು ಕಡಿಮೆ. ಖರ್ಚು ಜಾಸ್ತಿ, ವರಮಾನ ಕಮ್ಮಿ ಇದ್ದ ಸಂಸಾರದ ಹಾಗೆ. ಚಹಾ ಗಿಡದ ಮಾತೂ ಇದೇ. ತೇವವಿಲ್ಲದ ನೆಲಕ್ಕೆ ಸೀಮೆಗೊಬ್ಬರ ಸುರಿದರಂತೂ ಬೇರಿಗೆ ನೀರು ಎಳೆಯುವುದು ಇನ್ನೂ ಕಷ್ಟ. ಇನ್ನು ಕೊಟ್ಟಿಗೆ ಗೊಬ್ಬರ ಮಣ್ಣಿನಲ್ಲಿ ತೇವ ಉಳಿಸುತ್ತದೆ. ಅದಕ್ಕೆ ಬದಲಿ ಯಾವ ಮೂಟೆಯಲ್ಲೂ ಇಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ವರ್ಷ ಮತ್ತೆ ಬಾರದೆ ಇರದು. ಮಳೆ ತರಿಸುವುದು ಯಾವ ಸಂಘದ ಕೈಲೂ ಇಲ್ಲ. ಆದರೆ ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾದ ಪಕ್ಕದಲ್ಲಿ ಪೊಟಾಷನ್ನೂ ದಾಸ್ತಾನಿಟ್ಟು, "ತಿಪ್ಪೆ ಗೊಬ್ಬರ ಹಾಕಿದ್ದೀಯೇನಪ್ಪ?" ಎಂದು ಕೇಳಿ ಮೂಟೆ ಕೊಡುವುದು ನಮ್ಮ ಕೈಲಿದೆ. ಸದಸ್ಯ ಕೇಳಿದ್ದನ್ನು ಕೊಡುವುದು ವ್ಯಾಪಾರ. ಅವನ ತೋಟಕ್ಕೆ ಬೇಕಾದ್ದನ್ನು ತಿಳಿಸಿ ಕೊಡುವುದು ಸಹಕಾರ.